ಟ್ರೆಡ್‌ಮಿಲ್ ಮೇಲೆ ಬೇಸರ, ಶಟಲ್ ಆಡುವಾಗ ಹುರುಪು: ಆಟ ವ್ಯಾಯಾಮ ಅಲ್ವಾ?

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದವಳು. ವಯಸ್ಸು 43, ಬ್ಯಾಂಕಿನಲ್ಲಿ ಕೆಲಸ. ಸಕ್ಕರೆ ಗಡಿಯಲ್ಲಿದೆ, ವ್ಯಾಯಾಮ ಶುರು ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಜಿಮ್ ಸೇರಿದೆ. ಅಲ್ಲಿ ಟ್ರೆಡ್‌ಮಿಲ್ಲನ್ನು 7ರ ಸ್ಪೀಡಿಗೆ ಇಟ್ಟು 30 ನಿಮಿಷ ಅಂತಾರೆ. ಹತ್ತು ನಿಮಿಷಕ್ಕೇ ಸಾಕೆನಿಸುತ್ತದೆ, ಕಣ್ಣೆಲ್ಲ ಟೈಮರ್ ಮೇಲೆ. ಅದೇ ಸಂಜೆ ಕಾಲೊನಿಯ ಮಕ್ಕಳ ಜೊತೆ ಶಟಲ್ ಆಡಿದರೆ ಮುಕ್ಕಾಲು ತಾಸು ಹೋಗಿದ್ದೇ ಗೊತ್ತಾಗುವುದಿಲ್ಲ. ನಮ್ಮ ಯಜಮಾನರು ದಿನಾ ಉಣಕಲ್ ಕೆರೆ ಹತ್ತಿರ ಒಬ್ಬರೇ ವಾಕಿಂಗ್ ಮಾಡುತ್ತಾರೆ, ಅವರಿಗೆ ಬೇಸರವೇ ಇಲ್ಲ. "ಆಟ ಅಂದ್ರೆ ಆಟ, ವ್ಯಾಯಾಮ ಬೇರೆ" ಅನ್ನುತ್ತಾರೆ. ನನ್ನ ಮನಸ್ಸೇ ಗಟ್ಟಿ ಇಲ್ಲವಾ? ಇಯರ್‌ಫೋನ್ ಹಾಕಿಕೊಂಡರೆ ಸರಿಹೋಗುತ್ತಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಶಟಲ್ ಖಂಡಿತ ವ್ಯಾಯಾಮವೇ. ನಿಮ್ಮ ಮನಸ್ಸಿಗೂ ಏನೂ ಆಗಿಲ್ಲ. ಟ್ರೆಡ್‌ಮಿಲ್ ಮೇಲಿನ ಬೇಸರಕ್ಕೆ ಎರಡು ಕಾರಣ ಇವೆ. ಒಂದು ಮೈಗೆ ಸೇರಿದ್ದು, ಇನ್ನೊಂದು ಮನಸ್ಸಿಗೆ. ಎರಡೂ ಕೂಡಿಕೊಂಡಿರುವುದರಿಂದ ತಪ್ಪು ನಿಮ್ಮದೇ ಅಂತ ನಿಮಗೆ ಅನಿಸುತ್ತಿದೆ. ಹೀಗೆ ಅನಿಸಿ ವ್ಯಾಯಾಮವನ್ನೇ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ. ನೀವು ಬಿಡಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೈಯ ಕಾರಣ ಮೊದಲು. ನೀವು ಹೇಳಿದ ಆ 7ರ ಸ್ಪೀಡು, ಅಂದರೆ ತಾಸಿಗೆ 7 ಕಿಲೋಮೀಟರ್, ಬಹಳ ತ್ರಾಸಿನ ವೇಗ. ಮನುಷ್ಯರು ನಡಿಗೆ ಬಿಟ್ಟು ಓಟಕ್ಕೆ ಬೀಳುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ. ನಡೆಯೋಣ ಅಂದರೆ ಕಾಲು ಸಾಲುವುದಿಲ್ಲ, ಓಡೋಣ ಅಂದರೆ ನಿಧಾನ ಅನಿಸುತ್ತದೆ. ಹೊಸದಾಗಿ ಶುರು ಮಾಡಿದವರಿಗೆ ಅದು ದಮ್ಮು ಕಟ್ಟಿಸುವ ವೇಗವೂ ಹೌದು.

ವ್ಯಾಯಾಮ ಹಿತ ಅನಿಸುತ್ತದೋ ಇಲ್ಲವೋ ಅನ್ನುವುದನ್ನು ಪಾಂಟೆಲೆಯ್ಮೊನ್ ಎಕ್ಕೆಕಾಕಿಸ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸಾಮಾನ್ಯವಾಗಿ ವಿಜ್ಞಾನಿಗಳು ವ್ಯಾಯಾಮ ಮುಗಿದ ಮೇಲೆ "ಹೇಗನಿಸುತ್ತಿದೆ?" ಅಂತ ಕೇಳುತ್ತಿದ್ದರು. ಎಲ್ಲರೂ "ಚೆನ್ನಾಗಿದೆ" ಅನ್ನುತ್ತಿದ್ದರು. ಎಕ್ಕೆಕಾಕಿಸ್ ಮತ್ತು ಜೊತೆಗಾರರು ವ್ಯಾಯಾಮ ನಡೆಯುತ್ತಿರುವಾಗಲೇ, ನಡುನಡುವೆ ಕೇಳಿದರು. ಆಗ ಚಿತ್ರವೇ ಬದಲಾಯಿತು. ಉಸಿರಾಟ ಹಿಡಿತದಲ್ಲಿರುವ ತನಕ ಹೆಚ್ಚಿನವರಿಗೆ ಹಿತ. ಏದುಸಿರು ಶುರುವಾಗುವ ಗಡಿಯ ಹತ್ತಿರ ಕೆಲವರಿಗೆ ಹಿತ, ಕೆಲವರಿಗೆ ಹಿಂಸೆ. ಗಡಿ ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಹಿಂಸೆಯೇ. ನಿಲ್ಲಿಸಿದ ಕೂಡಲೇ ಮತ್ತೆ ಹಿತ. ಅಂದರೆ ಆ ವೇಗದಲ್ಲಿ "ಸಾಕಪ್ಪಾ" ಅನಿಸುವುದು ಮೈ ಕೊಡುವ ಸುದ್ದಿ. ಅದರಲ್ಲಿ ಗಟ್ಟಿತನದ ಪ್ರಶ್ನೆ ಬರುವುದೇ ಇಲ್ಲ.

ಈ ಗಡಿ ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದೇ ಸರಿಯಾದ ಹದ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವ ಹಾಗಾದರೆ ವೇಗ ಜಾಸ್ತಿಯಾಗಿದೆ ಅಂತಲೇ ಅರ್ಥ. ನಾಳೆ ಟ್ರೆಡ್‌ಮಿಲ್ಲನ್ನು 5ಕ್ಕೆ ಇಟ್ಟು ನೋಡಿ, ಬೇಕಾದರೆ ಆಮೇಲೆ ಐದೂವರೆಗೆ ಏರಿಸಿ. ಟ್ರೇನರ್ ಏನಾದರೂ ಅಂದರೆ, ನನಗೆ ಇಷ್ಟೇ ಸಾಕು ಅಂತ ಹೇಳಿ. ವೇಗ ಆರಿಸಿಕೊಳ್ಳುವ ಹಕ್ಕು ನಿಮ್ಮದು. ಅದು ಸಣ್ಣ ಮಾತಲ್ಲ. ಒಂದೇ ವೇಗವಾದರೂ ತಾವೇ ಆರಿಸಿಕೊಂಡರೆ ಜನಕ್ಕೆ ಹಗುರ ಅನಿಸುತ್ತದೆ, ಇನ್ನೊಬ್ಬರು ಹೇರಿದರೆ ಭಾರ.

ಇನ್ನು ಮನಸ್ಸಿನ ಕಾರಣ. ನನಗೆ ಹೆಚ್ಚು ಮುಖ್ಯ ಅನಿಸುವುದು ಇದೇ.

ಪ್ರತಿ ವ್ಯಾಯಾಮವೂ ಮನಸ್ಸಿಗೆ ಒಂದಿಷ್ಟು ಕೆಲಸ ಕೊಡುತ್ತದೆ. ಕೆಲವು ಜಾಸ್ತಿ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಟ್ರೆಡ್‌ಮಿಲ್ ಏನೂ ಕೊಡದ ಜಾತಿಗೆ ಸೇರಿದ್ದು. ನೆಲ ಸಮ, ವೇಗ ಒಂದೇ, ಎದುರಿಗೆ ಗೋಡೆ. ಮುಂದಿನ ಹೆಜ್ಜೆ ಎಲ್ಲಿಡಬೇಕು ಅಂತಲೂ ಯೋಚಿಸಬೇಕಿಲ್ಲ. ಮನಸ್ಸು ಸುಮ್ನೆ ಕೂರುವುದಿಲ್ಲ, ಏನಾದರೊಂದು ಹುಡುಕುತ್ತದೆ. ಅಲ್ಲಿ ಸಿಗುವುದು ಎರಡೇ: ನಿಮ್ಮ ಏದುಸಿರು ಮತ್ತು ಆ ಕೆಂಪು ಅಂಕಿಗಳು. 09:40, 09:41, 09:42. ಗಡಿಯಾರ ನೋಡುತ್ತಾ ಕೂತರೆ ಹೊತ್ತು ಹೋಗುತ್ತದೆಯೇ?

ಈಗ ಶಟಲ್ ನೋಡಿ. ಎದುರಿನ ಹುಡುಗ ರ‍್ಯಾಕೆಟ್ ಎತ್ತುತ್ತಾನೆ. ಶಟಲ್ ಇನ್ನೂ ಅವನ ರ‍್ಯಾಕೆಟ್‌ಗೆ ತಾಗಿಯೇ ಇರುವುದಿಲ್ಲ, ಆಗಲೇ ನೀವು ಅವನ ಮಣಿಕಟ್ಟು ಯಾವ ಕಡೆ ತಿರುಗಿದೆ ಅಂತ ನೋಡುತ್ತಿರುತ್ತೀರಿ. ಮೇಲೆ ಎತ್ತುತ್ತಾನಾ, ನೆಟ್ ದಾಟಿಸಿ ಸುಮ್ನೆ ಕೆಡವುತ್ತಾನಾ? ಎಡಗಾಲು ಹಿಂದೆ ಹೋಗುತ್ತದೆ. ಇಲ್ಲ, ಕೆಡವಿದ. ಎರಡು ಹೆಜ್ಜೆ ಮುಂದೆ ಓಡುತ್ತೀರಿ, ಬಲಗಾಲು ಉದ್ದಕ್ಕೆ ಚಾಚಿ ಮಂಡಿ ಬಗ್ಗಿಸುತ್ತೀರಿ, ಕೈ ಚಾಚುತ್ತೀರಿ. ಅಷ್ಟರಲ್ಲಿ ವಾಪಸ್ ಎಲ್ಲಿಗೆ ಕಳಿಸಬೇಕು ಅಂತಲೂ ತೀರ್ಮಾನ ಆಗಿರುತ್ತದೆ. ಇಷ್ಟೂ ಒಂದೆರಡು ಸೆಕೆಂಡಿನ ಮಾತು. ಇದೇ ಮಂಡಿ ಬಗ್ಗಿಸುವ ಕೆಲಸವನ್ನು ಜಿಮ್ಮಿನಲ್ಲಿ ಹತ್ತು ಸಲ ಮಾಡಿ ಅಂದರೆ ಐದನೆಯದಕ್ಕೇ ಬೇಸರ ಬರುತ್ತದೆ. ಅಂಗಳದಲ್ಲಿ ಅದನ್ನೇ ಹತ್ತಾರು ಸಲ ಮಾಡಿದರೂ ಗಮನಕ್ಕೆ ಬರುವುದಿಲ್ಲ.

ಹೀಗೆ ಎದುರಾಳಿಯನ್ನೂ ಸನ್ನಿವೇಶವನ್ನೂ ನೋಡಿಕೊಂಡು ಕ್ಷಣಕ್ಷಣಕ್ಕೆ ಬದಲಾಗಬೇಕಾದ ಆಟಗಳು ಒಂದು ಬಗೆ. ಶಟಲ್, ಟೇಬಲ್ ಟೆನಿಸ್, ಕಬಡ್ಡಿ, ಖೋಖೋ, ನಮ್ಮ ಗದಗ-ಬೆಟಗೇರಿಯ ಹುಡುಗರು ಆಡುವ ಹಾಕಿ, ಗರಡಿಯ ಕುಸ್ತಿ ಎಲ್ಲವೂ ಇದರಲ್ಲಿ ಬರುತ್ತವೆ. ವಾಕಿಂಗ್, ಓಟ, ಈಜು, ಸೈಕಲ್ ಇನ್ನೊಂದು ಬಗೆ. ಇವುಗಳಲ್ಲಿ ಮಾಡಿದ್ದನ್ನೇ ಮಾಡುವುದು, ಲಯ ಹಿಡಿಯುವುದು. ಒಂದು ಮೇಲು, ಇನ್ನೊಂದು ಕೀಳು ಅಂತ ಇಲ್ಲ. ನಿಮ್ಮ ಮನಸ್ಸಿಗೆ ಈ ಹೊತ್ತಿಗೆ ಯಾವುದು ಬೇಕು ಅನ್ನುವುದೇ ಪ್ರಶ್ನೆ.

"ಆಟ ಅಂದ್ರೆ ಆಟ" ಅನ್ನುವವರಿಗೆ ಲೆಕ್ಕ ಕೊಡೋಣ. ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು 1 ಅಂದುಕೊಂಡರೆ, ತಾಸಿಗೆ ಐದೂವರೆ ಕಿಲೋಮೀಟರಿನ ಬಿರುಸು ನಡಿಗೆಗೆ ಸುಮಾರು 4.3 ಪಟ್ಟು ಬೇಕು. ಖುಷಿಗೆ ಆಡುವ ಶಟಲ್‌ಗೆ 5.5 ಪಟ್ಟು. ಅಂದರೆ ನಿಮ್ಮ ಸಂಜೆಯ ಆಟ ಯಜಮಾನರ ವಾಕಿಂಗಿಗಿಂತ ಕಡಿಮೆಯದ್ದೇನಲ್ಲ. ಆದರೆ ಶಟಲ್ ಹೆಕ್ಕುತ್ತಾ, ಹರಟುತ್ತಾ ನಿಂತ ಹೊತ್ತು ಇದರಲ್ಲಿ ಬರುವುದಿಲ್ಲ. ಮುಕ್ಕಾಲು ತಾಸಿನಲ್ಲಿ ನಿಜವಾಗಿ ಆಡಿದ್ದು ಎಷ್ಟು ಅಂತ ಒಂದು ಸಲ ಗಮನಿಸಿ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 8,577 ಜನರನ್ನು 25 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಷ್ಯ 9.7 ವರ್ಷ ಜಾಸ್ತಿ ಕಂಡಿತು. ಶಟಲ್ ಆಡುವವರದು 6.2, ಜಾಗಿಂಗ್ ಮಾಡುವವರದು 3.2, ಹೆಲ್ತ್ ಕ್ಲಬ್ಬಿನಲ್ಲಿ ವ್ಯಾಯಾಮ ಮಾಡುವವರದು 1.5 ವರ್ಷ. ಈ ಅಂಕಿ ಹಿಡಿದುಕೊಂಡು ಯಜಮಾನರ ಜೊತೆ ಜಗಳಕ್ಕೆ ಇಳಿಯಬೇಡಿ. ಟೆನಿಸ್ ಆಡುವವರು ಮೊದಲೇ ಅನುಕೂಲಸ್ಥರಾಗಿರಬಹುದು, ಆರೋಗ್ಯವಂತರಾಗಿರಬಹುದು. ಆಟದಿಂದಲೇ ಆಯುಷ್ಯ ಬಂತು ಅಂತ ಇದರಿಂದ ಹೇಳಲಾಗದು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ಪಟ್ಟಿಯ ಮೇಲಿನ ಸಾಲುಗಳಲ್ಲಿ ಇರುವುದೆಲ್ಲ ಇನ್ನೊಬ್ಬರು ಬೇಕೇ ಬೇಕಾದ ಆಟಗಳು. ಜೊತೆಗಾರರು ಕಾಯುತ್ತಿದ್ದಾರೆ ಅನ್ನುವ ಕಾರಣಕ್ಕೇ ಮನುಷ್ಯ ವರ್ಷಾನುಗಟ್ಟಲೆ ಮನೆಯಿಂದ ಹೊರಗೆ ಬರುತ್ತಾನೆ. ಅದರ ಬೆಲೆ ದೊಡ್ಡದು.

ಹಾಗಾದರೆ ನಿಮ್ಮ ಯಜಮಾನರಿಗೆ ಒಬ್ಬರೇ ನಡೆದರೂ ಬೇಸರ ಯಾಕೆ ಬರುವುದಿಲ್ಲ? ಉಣಕಲ್ ಕೆರೆ ಟ್ರೆಡ್‌ಮಿಲ್ ಅಲ್ಲ. ನೀರು, ಗಾಳಿ, ಹಕ್ಕಿ, ಎದುರಿಗೆ ಬರುವ ಪರಿಚಯದ ಮುಖ ಎಲ್ಲವೂ ಇವೆ. ಇವು ಕಣ್ಣನ್ನು ಸೆಳೆಯುತ್ತವೆ, ಆದರೆ ಏನನ್ನೂ ಕೇಳುವುದಿಲ್ಲ. ನಿಸರ್ಗ ಹೀಗೆ ಶ್ರಮವಿಲ್ಲದೆ ಗಮನ ಹಿಡಿಯುವುದರಿಂದ ದಣಿದ ಮನಸ್ಸು ಸುಧಾರಿಸಿಕೊಳ್ಳುತ್ತದೆ ಅಂತ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ವಾದಿಸಿದ್ದರು. ಧಾರವಾಡದ ಕೆಲಗೇರಿ ಕೆರೆಯ ಕಡೆಗೋ, ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮೇಲೋ ಬೆಳಗ್ಗೆ ನಡೆಯುವವರನ್ನು ಕೇಳಿ ನೋಡಿ. "ನಡೆದ ಮೇಲೆ ತಲಿ ಹಗುರ ಆಗ್ತದ" ಅನ್ನುತ್ತಾರೆ. ಕಾಲಿನ ಮಾತು ಆಮೇಲೆ.

ಇದು ನಿಮಗೂ ಬೇಕು. ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕ, ಗಿರಾಕಿ, ಕಂಪ್ಯೂಟರ್. ತಿಂಗಳ ಕೊನೆಯ ದಿನ ಮನೆಗೆ ಬಂದಾಗ ತಲೆ ಪೂರ್ತಿ ಖಾಲಿ. ಅವತ್ತು ಶಟಲ್ ಆಡಿದರೂ ರುಚಿ ಇರುವುದಿಲ್ಲ, ಸುಲಭದ ಹೊಡೆತ ತಪ್ಪುತ್ತದೆ, ಸಿಟ್ಟು ಬರುತ್ತದೆ. ಅಂಥ ದಿನ ರ‍್ಯಾಕೆಟ್ ಒಳಗಿಡಿ. ಯಜಮಾನರ ಜೊತೆ ಕೆರೆಯ ಕಡೆಗೆ ಹೋಗಿ, ಇಲ್ಲವೇ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಮೈ ಜಡ ಹಿಡಿದಿದೆ, ಮನಸ್ಸಿಗೆ ಏನೂ ತೋಚುತ್ತಿಲ್ಲ ಅನ್ನುವ ದಿನ ಶಟಲ್ ಆಡಿ. ವ್ಯಾಯಾಮವನ್ನು ವಾರದ ಪಟ್ಟಿ ನೋಡಿ ಆರಿಸುವುದಕ್ಕಿಂತ, ಇವತ್ತು ತಲೆ ಎಷ್ಟು ದಣಿದಿದೆ ಅಂತ ನೋಡಿ ಆರಿಸುವುದು ಒಳ್ಳೆಯದು. ನಾನು ನಿಮಗೆ ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ.

ಆಟದ ಜೊತೆಗಾರರ ವಿಷಯದಲ್ಲೂ ಒಂದು ಮಾತು. ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ನೃತ್ಯ ಮಾಡುವವರನ್ನು ಮಾತಾಡಿಸಿದರು. ಹೊತ್ತಿನ ಅರಿವೇ ಇಲ್ಲದೆ ಮುಳುಗಿಹೋಗುವುದು ಯಾವಾಗ ಅಂತ ಹುಡುಕಿದರು. ಎದುರಿನ ಸವಾಲೂ ನಮ್ಮ ಕೈಯ ಕಸುಬೂ ಸರಿಸಮ ಇದ್ದಾಗ ಅಂತ ಗೊತ್ತಾಯಿತು. ಸವಾಲು ಜಾಸ್ತಿಯಾದರೆ ಆತಂಕ, ಕಡಿಮೆಯಾದರೆ ಬೇಸರ. ಕಾಲೊನಿಯ ಮಕ್ಕಳ ಜೊತೆ ನಿಮಗೆ ಹೊಂದಿಕೆ ಆಗಿರುವುದು ಇದೇ ಕಾರಣಕ್ಕೆ ಇರಬಹುದು. ಅವರ ಕಾಲು ಚುರುಕು, ನಿಮ್ಮ ತಲೆ ಚುರುಕು. ನಾಳೆ ಪಂದ್ಯಾವಳಿ ಆಡುವವರ ಜೊತೆ ಕೋರ್ಟಿಗೆ ಇಳಿದು 21–3ರಲ್ಲಿ ಸೋತು ಬಂದರೆ, ಈಗಿನ ಖುಷಿ ಎಲ್ಲಿ ಹೋಯಿತು ಅಂತ ನೀವೇ ಕೇಳುತ್ತೀರಿ.

ಇಯರ್‌ಫೋನ್ ಬಗ್ಗೆ ಕೇಳಿದ್ದೀರಿ. ಹೌದು, ಉಪಯೋಗ ಇದೆ, ಆದರೆ ಹದವಾದ ವೇಗದಲ್ಲಿ ಮಾತ್ರ. ಹಾಡು ಮನಸ್ಸನ್ನು ದಣಿವಿನಿಂದ ಬೇರೆ ಕಡೆ ಎಳೆಯುತ್ತದೆ. ಏದುಸಿರು ಬಂದ ಮೇಲೆ ಮೈಯ ಕೂಗೇ ದೊಡ್ಡದಾಗುತ್ತದೆ, ಹಾಡಿನ ಎಳೆತ ಸಾಲುವುದಿಲ್ಲ. ಹಾಗಾಗಿ ಮೊದಲು ವೇಗ ಇಳಿಸಿ, ಆಮೇಲೆ ಹಾಡು ಹಾಕಿ. ನಿಮಿಷಕ್ಕೆ 100 ಹೆಜ್ಜೆ ಇಟ್ಟರೆ ಅದು ಸಾಧಾರಣ ಬಿರುಸಿನ ನಡಿಗೆ. ನಿಮಿಷಕ್ಕೆ 110–120 ತಾಳ ಬೀಳುವ ಹಾಡು ಹಾಕಿಕೊಂಡರೆ ಹೆಜ್ಜೆ ತಾನಾಗಿ ಅದಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಕಡೆ ಹೊಸದೇನಲ್ಲ ಇದು. ಹೋಳಿಯ ಹೊತ್ತಿಗೆ ಜಗ್ಗಲಗಿ ಬಾರಿಸುತ್ತಾ ತಾಸುಗಟ್ಟಲೆ ಹೆಜ್ಜೆ ಹಾಕುವವರನ್ನು ನೀವೂ ನೋಡಿರುತ್ತೀರಿ. ಆ ಭಾರದ ವಾದ್ಯ ಹೊತ್ತು ಸುಮ್ನೆ ಅಷ್ಟು ದೂರ ನಡೆಯಿರಿ ಅಂದರೆ ಯಾರು ಒಪ್ಪುತ್ತಾರೆ? ಡೊಳ್ಳಿನವರೂ ಅಷ್ಟೇ, ಹಾವೇರಿ ಕಡೆಯ ಪುರವಂತರೂ ಅಷ್ಟೇ. ತಾಳ ಇದೆ, ಜೊತೆಗೆ ಜನ ಇದ್ದಾರೆ, ತಪ್ಪದೆ ಹಾಕಬೇಕಾದ ಹೆಜ್ಜೆ ಇದೆ. ಮನಸ್ಸಿಗೆ ಬೇಕಾದ ಮೂರೂ ಅಲ್ಲೇ ಸಿಗುತ್ತವೆ.

ಇನ್ನೊಂದು ಉಪಾಯ ಇದೆ. ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುತೂಹಲದ ಕಾದಂಬರಿಗಳ ಆಡಿಯೋ ಕೆಲವರಿಗೆ ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದರು. ಕಥೆ ಮುಂದೇನಾಯಿತು ಅಂತ ತಿಳಿಯಲು ಅವರು ಜಿಮ್ಮಿಗೆ ಜಾಸ್ತಿ ಬಂದರು. ಆದರೆ ರಜೆ ಬಂದು ಹೋದ ಮೇಲೆ ಆ ಪರಿಣಾಮ ಇಳಿದುಹೋಯಿತು. ಅಂದರೆ ಶುರುವಿಗೆ ಇದು ಒಳ್ಳೆಯ ಊರುಗೋಲು, ಜೀವನಪೂರ್ತಿ ಇದನ್ನೇ ನೆಚ್ಚಿಕೊಳ್ಳಲು ಆಗದು. ನಿಮಗೆ ಇಷ್ಟದ ಧಾರಾವಾಹಿ ಇದ್ದರೆ ಟ್ರೆಡ್‌ಮಿಲ್ ಮೇಲೆ ಮಾತ್ರ ಕೇಳುವುದು ಅಂತ ಇಟ್ಟುಕೊಂಡು ನೋಡಿ. ಆಫೀಸಿನ ವಾಟ್ಸ್ಆ್ಯಪ್ ಗ್ರೂಪ್ ಮಾತ್ರ ಬೇಡವೇ ಬೇಡ, ಅದು ಬ್ಯಾಂಕನ್ನೇ ಜಿಮ್ಮಿಗೆ ಹೊತ್ತು ತಂದಂತೆ. ರಸ್ತೆಯ ಬದಿ ನಡೆಯುವಾಗ ಎರಡೂ ಕಿವಿ ಮುಚ್ಚಬೇಡಿ. ಹಿಂದಿನಿಂದ ಬರುವ ಬೈಕ್ ಕೇಳಿಸಬೇಕು.

ಶಟಲ್ ಒಂದೇ ಸಾಕಾ? ಸಾಕಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ವ್ಯಾಯಾಮ ಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಸಕ್ಕರೆ ಗಡಿಯಲ್ಲಿ ಇರುವವರು ಈ ಎರಡನೆಯದನ್ನು ಬಿಡಲೇಬಾರದು. ಸ್ನಾಯು ದುಡಿಯುವಾಗ ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಸ್ನಾಯು ಹೆಚ್ಚಿದಷ್ಟೂ ಸಕ್ಕರೆಗೆ ಜಾಗ ಹೆಚ್ಚು. ನೀವು ದುಡ್ಡು ಕಟ್ಟಿರುವ ಜಿಮ್ಮನ್ನು ಇದಕ್ಕೆ ಉಪಯೋಗಿಸಿಕೊಳ್ಳಿ.

ಭಾರ ಎತ್ತುವುದೂ ಬೇಸರ ಅಂತೀರಾ? ನಮ್ಮ ಗರಡಿ ಮನೆಗಳನ್ನು ನೋಡಿ. ಅಲ್ಲಿ ಕರಲಾ ತಿರುಗಿಸುತ್ತಾರೆ. ಮರದ ಆ ಗದೆಯಂಥದ್ದನ್ನು ಭುಜದ ಮೇಲಿಂದ ಬೆನ್ನ ಹಿಂದೆ ಇಳಿಬಿಟ್ಟು, ಅದರ ತೂಗಾಟ ಕಳೆಯುವ ಮೊದಲೇ ಮುಂದಕ್ಕೆ ತರಬೇಕು. ಹೊತ್ತು ಒಂದಿಷ್ಟು ತಪ್ಪಿದರೂ ಮೊಣಕೈಗೆ ಬಡಿಯುತ್ತದೆ. ಮನಸ್ಸು ಬೇರೆಲ್ಲಿಗೂ ಹೋಗುವ ಹಾಗಿಲ್ಲ. ಪಕ್ಕದಲ್ಲಿ ವಸ್ತಾದರು ನಿಂತಿರುತ್ತಾರೆ, ಎದುರಿಗೆ ಇನ್ನೊಬ್ಬ ಅದನ್ನೇ ಮಾಡುತ್ತಿರುತ್ತಾನೆ. ಮಲ್ಲಕಂಬವೂ ಹಾಗೆಯೇ, ಹಿಡಿತ ಒಂದು ಕ್ಷಣ ಸಡಿಲಾದರೆ ಜಾರಿದಿರಿ. ಬಲ ಬೆಳೆಸುವ ಕೆಲಸವನ್ನು ಕಲಿಯುವ ಕೆಲಸವನ್ನಾಗಿ ಮಾಡಿದ್ದೇ ಗರಡಿಯ ಜಾಣತನ ಅನ್ನುವುದು ನನ್ನ ಅಭಿಪ್ರಾಯ.

ಜಿಮ್ಮಿನಲ್ಲೂ ಇದನ್ನು ತರಬಹುದು. "15 ಸಲ ಮೂರು ಸೆಟ್" ಅಂತ ಎಣಿಸುವುದು ಬಿಟ್ಟು, ಒಂದು ಚಲನೆಯನ್ನು ಚೆಂದವಾಗಿ ಕಲಿಯಿರಿ. ಬೈಠಕ್ ತೆಗೆದುಕೊಳ್ಳಿ. ಹಿಮ್ಮಡಿ ಏಳದಂತೆ, ಮಂಡಿ ಒಳಗೆ ಬೀಳದಂತೆ, ಇಳಿಯಲು ಮೂರು ಎಣಿಕೆ, ಏಳಲು ಒಂದು. ಕನ್ನಡಿಯಲ್ಲಿ ನೋಡಿಕೊಳ್ಳಿ. ಮುಂದಿನ ವಾರ ಕೈಯಲ್ಲಿ 4 ಕಿಲೋ ಹಿಡಿದು ಅಷ್ಟೇ ಚೆಂದ ಬರುತ್ತದಾ ನೋಡಿ. ನಿನ್ನೆ ಬಾರದ್ದು ಇವತ್ತು ಬಂತು ಅನ್ನುವ ಖುಷಿ ಬಹಳ ದಿನ ಕೈಹಿಡಿದು ನಡೆಸುತ್ತದೆ. ತೂಕದ ಮಷಿನ್ ಅಷ್ಟು ಬೇಗ ಆ ಖುಷಿ ಕೊಡುವುದಿಲ್ಲ.

ಶಟಲ್‌ನ ಅಪಾಯವನ್ನೂ ಹೇಳಬೇಕು. ನಲವತ್ತು ದಾಟಿದವರು ಮೈ ಬಿಸಿ ಮಾಡಿಕೊಳ್ಳದೆ ಒಮ್ಮೆಲೇ ಮುಂದೆ ಜಿಗಿದಾಗ ಹಿಮ್ಮಡಿಯ ಮೇಲಿನ ನರ ಅಂತ ನಾವು ಕರೆಯುವ ಆ ದಪ್ಪ ಸ್ನಾಯುರಜ್ಜು ಹರಿದುಹೋಗುವುದುಂಟು. ಪಾದ ಉಳುಕುವುದಂತೂ ಮಾಮೂಲು. ಚಪ್ಪಲಿಯಲ್ಲಿ ಆಡಬೇಡಿ, ಪಕ್ಕಕ್ಕೆ ಹಿಡಿತ ಇರುವ ಶೂ ಹಾಕಿ. ಮೊದಲ ಎಂಟು-ಹತ್ತು ನಿಮಿಷ ಸುಮ್ನೆ ಮೆಲ್ಲಗೆ ಎತ್ತಿ ಎತ್ತಿ ಆಡಿ. ಮಕ್ಕಳು ಸ್ಮ್ಯಾಶ್ ಹೊಡೆಯಲಿ, ನೀವು ಅವಸರ ಮಾಡಬೇಡಿ. ಎದೆ ಬಿಗಿತ, ತಲೆಸುತ್ತು ಬಂದರೆ ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ವಿಷಯ ಗೊತ್ತಿದ್ದರೆ ಬಹಳ ಅನುಕೂಲ. ವ್ಯಾಯಾಮಕ್ಕೆ ಹೊರಡುವ ಮೊದಲು "ಅಯ್ಯೋ, ಹೋಗಬೇಕಲ್ಲ" ಅನಿಸುತ್ತದೆ ಅಲ್ವಾ? 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮ್ಯಾಥ್ಯೂ ರೂಬಿ ಮತ್ತು ಸಂಗಡಿಗರು, ಜನ ತಮಗೆ ಸಿಗುವ ಖುಷಿಯನ್ನು ಮೊದಲೇ ಕಡಿಮೆ ಅಂದಾಜು ಮಾಡುತ್ತಾರೆ ಅಂತ ತೋರಿಸಿದರು. ಕಾರಣ, ಶುರುವಿನ ಒಂದಿಷ್ಟು ನಿಮಿಷದ ತ್ರಾಸೇ ಕಣ್ಣಮುಂದೆ ದೊಡ್ಡದಾಗಿ ನಿಲ್ಲುತ್ತದೆ. ನಿಮಗೆ ಅತಿ ಇಷ್ಟವಾದ ಭಾಗದಿಂದಲೇ ಶುರು ಮಾಡಿ, ಅಂದಾಜು ಬದಲಾಗುತ್ತದೆ.

ಕೊನೆಯ ಭಾಗವೂ ಅಷ್ಟೇ ಮುಖ್ಯ. 2016ರ ಒಂದು ಪ್ರಯೋಗದಲ್ಲಿ ಕೆಲವರಿಗೆ ವ್ಯಾಯಾಮವನ್ನು ಹಗುರದಿಂದ ಕಠಿಣಕ್ಕೆ ಏರಿಸುತ್ತಾ ಹೋದರು, ಇನ್ನು ಕೆಲವರಿಗೆ ಕಠಿಣದಿಂದ ಹಗುರಕ್ಕೆ ಇಳಿಸುತ್ತಾ ಬಂದರು. ಇಳಿಸುತ್ತಾ ಬಂದವರಿಗೆ ಅದು ಹೆಚ್ಚು ಹಿತವಾಗಿ ನೆನಪಿನಲ್ಲಿ ಉಳಿಯಿತು, ವಾರದ ನಂತರ ಕೇಳಿದಾಗಲೂ. ಹಾಗಾಗಿ ಜಿಮ್ಮಿನಲ್ಲಿ ಮೈ ಬಿಸಿ ಮಾಡಿಕೊಂಡು, ಕಷ್ಟದ ಬೈಠಕ್, ಭಾರ ಮೊದಲು ಮುಗಿಸಿ. ಕೊನೆಯ ಹತ್ತು ನಿಮಿಷ 5ರ ಸ್ಪೀಡಿನಲ್ಲಿ ಹಾಡು ಕೇಳುತ್ತಾ ನಡೆಯಿರಿ. ಟೈಮರ್ ಮೇಲೆ ಕರವಸ್ತ್ರ ಹಾಕಿಬಿಡಿ.

ನಿಮ್ಮ ವಾರ ಹೀಗಿದ್ದರೆ ಚೆನ್ನ ಅಂತ ನನಗನಿಸುತ್ತದೆ: ಮೂರು ಸಂಜೆ ಶಟಲ್, ಎರಡು ದಿನ ಜಿಮ್ಮಿನಲ್ಲಿ ಬಲದ ವ್ಯಾಯಾಮ, ತಲೆ ದಣಿದ ದಿನ ಕೆರೆ. ಇದರ ಜೊತೆ ಊಟ ಆದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ಊಟದ ನಂತರ ಏರುವ ಸಕ್ಕರೆಗೆ ಅದು ಒಳ್ಳೆಯದು. ಒಂದೇ ಸಲಕ್ಕೆ ಇಷ್ಟು ನಿಮಿಷ ಆಗಲೇಬೇಕು ಅನ್ನುವ ನಿಯಮ ಈಗ ಇಲ್ಲ, ಸಣ್ಣ ಸಣ್ಣ ತುಣುಕೂ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳು ಬಿಟ್ಟು ಡಾಕ್ಟರ ಹತ್ತಿರ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಅದರಲ್ಲಿ ಗೊತ್ತಾಗುತ್ತದೆ. ಆಟ ವ್ಯಾಯಾಮ ಹೌದೋ ಅಲ್ಲವೋ ಅನ್ನುವ ವಾದವನ್ನು ಯಜಮಾನರ ಜೊತೆ ಆಗ ಮುಂದುವರಿಸಿ.

ಒಂದು ತೊಡಕು ಮಾತ್ರ ಈಗಲೇ ಕಾಣುತ್ತಿದೆ. ಫೆಬ್ರುವರಿ, ಮಾರ್ಚ್ ಬಂದರೆ ನಿಮ್ಮ ಮಕ್ಕಳ ತಂಡ ಪರೀಕ್ಷೆಗೆ ಕೂರುತ್ತದೆ, ಅಂಗಳ ಖಾಲಿಯಾಗುತ್ತದೆ. ಮಳೆಗಾಲದ ಜಿಟಿಜಿಟಿ ಮಳೆ, ಗಾಳಿಯಲ್ಲೂ ಹೊರಗೆ ಶಟಲ್ ನಿಲ್ಲುವುದಿಲ್ಲ. ಆದ್ದರಿಂದ ಈ ತಿಂಗಳೇ ನಿಮ್ಮ ವಯಸ್ಸಿನ, ನಿಮ್ಮಷ್ಟೇ ಆಡುವ ಮೂರು ಜನರನ್ನು ಹುಡುಕಿಕೊಳ್ಳಿ. ನಾಲ್ಕು ಜನ ಕೂಡಿದರೆ ಒಳಾಂಗಣ ಕೋರ್ಟಿನ ಬಾಡಿಗೆ ಹಂಚಿಕೊಳ್ಳಬಹುದು, ಡಬಲ್ಸ್ ಆಡಿದರೆ ಮಂಡಿಗೂ ಹಗುರ. ನಿಮ್ಮ ಬ್ಯಾಂಕಿನಲ್ಲೇ ಕೇಳಿ ನೋಡಿ, ಜಿಮ್ಮಿಗೆ ದುಡ್ಡು ಕಟ್ಟಿ ಹೋಗದೆ ಕೂತವರು ಇಬ್ಬರಾದರೂ ಸಿಕ್ಕೇ ಸಿಗುತ್ತಾರೆ.